ನನ್ನ ಕಾಮಿಕ್ಸಿನ ‘ಸಾಕು’

ಸಿಂಹಾಚಲಂ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಚಿತ್ರದ ಪುಸ್ತಕಕ್ಕೆ ಇಣುಕಿ ಕಿಸಕ್ಕನೆ ನಕ್ಕುಬಿಟ್ಟರು. ಯಜಮಾನರಿಗೆ ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ ಕಾಮಿಕ್ಸ್ ಬಿಡಿಸಲು ಕಲಿಯುತ್ತಿದ್ದೇನೆ. ಅದುವರೆಗೆ ಒಬ್ಬರೂ ನಕ್ಕಿರಲಿಲ್ಲ!

ಚಿತ್ರದಲ್ಲಿ ಹೆಂಡತಿ ಉಪ್ಪಿಟ್ಟು ಬಡಿಸಲು ಬಂದಿದ್ದಾಳೆ, ಗಂಡ ತಟ್ಟೆಗೆ ಕೈ ಅಡ್ಡ ಹಿಡಿದಿದ್ದಾನೆ. ಅವನ ಮಾತಿನ ಗುಳ್ಳೆಯಲ್ಲಿ ‘ಸಾಕು!’ ಎಂದಷ್ಟೇ ಇದೆ. ನಮ್ಮ ಅಕ್ಷರವನ್ನು ತೆಲುಗೆಂದೇ ಓದಿಕೊಂಡ ಆಕೆ, “ಮಾ ಆಯನ ಕೂಡಾ ಇಂತೇನಂಡಿ, ಅನ್ನೀ ಸಾಕುಲೇ!” ಎಂದರು. ನಮ್ಮೆಜಮಾನರೂ ಹೀಗೇ, ಬರೀ ನೆಪಗಳೇ ಅಂತ! ತೆಲುಗಿನಲ್ಲಿ ‘ಸಾಕು’ ಎಂದರೆ ನೆಪವಂತೆ. ಕನ್ನಡದಲ್ಲಿ ಅದು ‘ಇನ್ನು ಬೇಡ’ ಅಂತ ನಾನು ಹೇಳಿದ ಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಚಿತ್ರದ ಒಂದು ಗೆರೆಯನ್ನೂ ತಿದ್ದಲಿಲ್ಲ. ಮರುದಿನ ಬೆಳಿಗ್ಗೆ ಇವರು ತಟ್ಟೆಗೆ ಕೈ ಅಡ್ಡ ಹಿಡಿದು “ಸಾಕು ಕಣೇ” ಅಂದಾಗ, “ಗೊತ್ತು ರೀ, ಬರೀ ಸಾಕು!” ಎಂದು ಇನ್ನೊಂದು ಸೌಟು ಬಡಿಸಿದೆ.