ಕುರ್ಚಿ ಇಲ್ಲದ ನನ್ನ ಖಾನಾವಳಿ

ನಿಜಾಮನ ಆಳಿಕಿ ಮುಗಿದ ಹೊಸದರಾಗ ಯಾದಗಿರಿ ಸ್ಟೇಷನ್ ಹತ್ರ ನಂದೊಂದು ಖಾನಾವಳಿ ಇತ್ತು. ಕುಂಡ್ರಾಕ ನೆಲದ ಮ್ಯಾಲ ಕಟಗಿ ಮಣಿ. ಉಣ್ಣಾವ ತಾಟಿಗೆ ಕೈ ಅಡ್ಡ ಹಿಡಿಯೂತನಕ ಬಿಸಿ ರೊಟ್ಟಿ ಹಾಕೂದೇ ನನ್ನ ರಿವಾಜು.

ಒಂದಿನ ಹೊಸ ಸರಕಾರದ ಇನ್‌ಸ್ಪೆಕ್ಟರ್ ಬಂದ. "ಮೇಜು, ಕುರ್ಚಿ ಇಲ್ಲ. ನಾಳಿಂದ ಮುಚ್ಚಬೇಕು" ಅಂದ. ನನ್ನ ಹೊಟ್ಟಿಪಾಡೇ ಅದು.

ಅವನ ಜೋಡಿ, ಸೇತುವಿ ನೋಡಾಕ ಸರಕಾರನ ಕರಿಸಿದ್ದ ಸ್ಪೇನ್ ದೇಶದ ಸಾಹೇಬ ಇದ್ದ. ಅವ ಬೂಟು ಬಿಚ್ಚಿ ಮಣಿ ಮ್ಯಾಲ ಕುಂತೇ ಬಿಟ್ಟ. ಕೈ ಅಡ್ಡ ಹಿಡಿಯೂದು ಅವಂಗ ಗೊತ್ತಿಲ್ಲ. ನಾ ಹಾಕತಾ ಹೋದೆ, ಅವ ಬೆವರು ಒರಸ್ಕೋತ ಏಳು ರೊಟ್ಟಿ ಉಂಡ. ಆಮ್ಯಾಲ ಇಂಗ್ಲೀಷಿನಾಗ ಉದ್ದಕ ಮಾತಾಡಿದ.

"ಏನಂತಾರ್ರಿ?" ಇನ್‌ಸ್ಪೆಕ್ಟರಗ ಕೇಳಿದೆ.

"ಊಟ ಚಲೋ ಅದಂತ."

"ಅಷ್ಟುದ್ದ ಮಾತಿಗೆ ಇಷ್ಟೇ ಏನ್ರಿ?"

ಇನ್‌ಸ್ಪೆಕ್ಟರ್ ಮಾರಿ ಸಣ್ಣದು ಮಾಡಿದ. "ಅವರೂರಾಗ ಇಂಥ ಊಟದ ಮನಿಗೆ ಫೋಂಡಾ ಅಂತಾರಂತ. ಇಂಗ್ಲೀಷಿನವರೂ ಆ ಹೆಸರು ತಗೊಂಡಾರಂತ. ಮುಚ್ಚಬ್ಯಾಡ ಅಂತಾರ."

ಪರವಾನಗಿಗೆ ಅಲ್ಲೇ ರುಜು ಬಿತ್ತು. ಸ್ಪೇನ್ ಎಲ್ಲಿ ಅದನೋ ನನಗೇನು ಗೊತ್ತು, ನನ್ನಂಥ ಖಾನಾವಳಿ ಮಾತ್ರ ಅಲ್ಲೂ ಅದ.

ಮರುದಿನದಿಂದ ಇನ್‌ಸ್ಪೆಕ್ಟರನೂ ದಿನಾ ಬಂದು ನೆಲಕ್ಕ ಕುಂಡ್ರತಿದ್ದ. ಹೆಂಡತಿ ಮುಂದ ಮಾತ್ರ "ನನಗ ಆಫೀಸಿನಾಗ ಕೆಲಸ ಅದ" ಅಂತಿದ್ದ. ಅಕಿಗೆ ನಾ ಹೇಳಲಿಲ್ಲ. ನಾ ಹೇಳಿದ್ದು ಅಕಿಯ ನೆರಿಮನಿಯವರಿಗಷ್ಟೇ.