ಕರಿಯನ ಕರುಳು

ಜಂಗಮಕೋಟೆಯ ಅಕ್ಕಯಮ್ಮ ರೇಷ್ಮೆಹುಳ ಸಾಕುವವಳು. ಸೊಪ್ಪು ಕೊಯ್ಯಲು ಹೋದರೂ ಹುಳುಮನೆ ಗುಡಿಸಲು ಹೋದರೂ ಅವಳ ಹಿಂದೆ ಕರಿಯ ಇರಲೇಬೇಕು. 2008ರ ಬೇಸಿಗೆಯಲ್ಲಿ ಆ ನಾಯಿ ತಿಂದದ್ದನ್ನೆಲ್ಲ ಕಕ್ಕತೊಡಗಿತು. ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ.

ಶಿಡ್ಲಘಟ್ಟದ ಪಶುವೈದ್ಯ ಭಾನುಪ್ರಕಾಶ್ ಪರಿಚಯದವರ ಹತ್ತಿರ ಎಕ್ಸ್‌ರೇ ತೆಗೆಸಿದರು. ಏನೂ ಕಾಣಲಿಲ್ಲ. ಎಕ್ಸ್‌ರೇಯಲ್ಲಿ ಕರುಳು ಕಾಣಲೆಂದು ಬೇರಿಯಂ ದ್ರಾವಣ ಕುಡಿಸಿದರೆ ಅದನ್ನೂ ಕಾರಿಕೊಂಡಿತು.

"ನರಕ್ಕೆ ಔಷಧಿ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡಿದ್ರೆ ರಕ್ತ ಹರಿಯೋ ಕರುಳೆಲ್ಲ ಬೆಳ್ಳಗೆ ಕಾಣುತ್ತೆ ಅಮ್ಮ. ಕೆಟ್ಟಿರೋ ಭಾಗ ಮಂಕಾಗಿರುತ್ತೆ. ಅದು ತಿಳೀದೆ ಇಷ್ಟು ಸೊರಗಿರೋ ನಾಯಿ ಹೊಟ್ಟೆ ಕೊಯ್ಯೋಕೆ ನನಗೆ ಧೈರ್ಯ ಇಲ್ಲ."

"ಹಂಗಾದ್ರೆ ಮಾಡ್ಸಿ ಸ್ವಾಮಿ."

"ಎಲ್ಲಿ ಮಾಡಿಸ್ಲಿ? ಮಿಷನ್ ಇರೋದೆಲ್ಲ ಮನುಷ್ಯರಿಗೆ."

ಕರಿಯನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಅಕ್ಕಯಮ್ಮ ಆಟೋ ಹತ್ತಿದಳು. ಚಿಕ್ಕಬಳ್ಳಾಪುರದ ಒಂದು ಸ್ಕ್ಯಾನಿಂಗ್ ಸೆಂಟರಿನವನು, "ನಾಯೀನ ಮಲಗಿಸಿದ ಕಡೆ ಆಮೇಲೆ ಜನ ಮಲಗ್ತಾರೇನಮ್ಮ?" ಎಂದು ಬಾಗಿಲಲ್ಲೇ ತಡೆದ. ಇನ್ನೊಂದು ಕಡೆ, ರೋಗಿ ನಾಯಿ ಎಂದು ತಿಳಿದ ಕೂಡಲೇ ಮಿಷನ್ನೇ ಕೆಟ್ಟುಹೋಯಿತು.

ಗಂಡ ಎರ್ರಪ್ಪ ಬೇಸತ್ತು, "ಸಾಕು ಬಾರೇ, ಊರೆಲ್ಲ ನಗ್ತಾ ಐತೆ," ಎಂದ.

"ನಗ್ಲಿ ಬಿಡು. ಹುಳುಮನೆಗೆ ಇಲಿ ನುಗ್ಗದಂಗೆ ಕಾಯೋದು ಊರಲ್ಲ, ಕರಿಯ!"

ಭಾನುಪ್ರಕಾಶ್ ಕಂಡಕಂಡವರಿಗೆಲ್ಲ ಫೋನು ಮಾಡಿದರು. ಕೊನೆಗೆ ಬೆಂಗಳೂರಿನ ಒಂದು ಸೆಂಟರಿನವರು, ಜನರೆಲ್ಲ ಹೋದ ಮೇಲೆ ಬನ್ನಿ ಎಂದರು. ಭಾನುಪ್ರಕಾಶ್ ತಾವೇ ಜೊತೆಗೆ ಹೋಗಿ, ಕರಿಯನಿಗೆ ಮತ್ತಿನ ಚುಚ್ಚುಮದ್ದು ಕೊಟ್ಟು ಮಲಗಿಸಿದರು. ಔಷಧಿ ಏರಿದಂತೆ ಪರದೆಯ ಮೇಲೆ ಕರುಳಿನ ಸುರುಳಿಗಳೆಲ್ಲ ಬೆಳ್ಳಗಾದವು. ನಡುವೆ ಒಂದು ಗೇಣಿನಷ್ಟು ಮಾತ್ರ ಬೂದಿಯಂತೆ ಸತ್ತು ಬಿದ್ದಿತ್ತು.

ಮಾರನೆಯ ಬೆಳಗ್ಗೆ ನಾಯಿಗಳ ದವಾಖಾನೆಯೊಂದರಲ್ಲಿ ಆಪರೇಷನ್ ಆಯಿತು. ಒಳಗೆ ಸಿಕ್ಕಿದ್ದು ರೇಷ್ಮೆಹುಳ ಕೊಲ್ಲುವ ಊಜಿ ನೊಣ ಬರದಂತೆ ಹುಳುಮನೆಗೆ ಕಟ್ಟುವ ನೈಲಾನ್ ಬಲೆಯ ತುಂಡು, ಹಗ್ಗದಂತೆ ಹುರಿಗೊಂಡಿತ್ತು. ಮಂಕಾಗಿದ್ದ ಕರುಳನ್ನು ಕತ್ತರಿಸಿ ತೆಗೆದರು.

"ಸ್ವಲ್ಪ ಮುಂಚೆ ಬಂದಿದ್ರೆ ಕರುಳು ಉಳೀತಿತ್ತು," ಎಂದರು ಅಲ್ಲಿಯ ಡಾಕ್ಟರು.

ಕರಿಯ ಬದುಕಿದ. ಅಂಬಲಿ ಬಿಟ್ಟು ಬೇರೇನೂ ಅರಗುತ್ತಿರಲಿಲ್ಲ. ಅಕ್ಕಯಮ್ಮನಿಗೆ ಡಾಕ್ಟರ ಆ ಮಾತು ಅರಗಲಿಲ್ಲ. ಮುಂಚೆಯೇ ಹೊರಟಿದ್ದಳಲ್ಲ, ಬಾಗಿಲು ಹಾಕಿದವರು ಯಾರು?

ಗ್ರಾಮಸಭೆಯಲ್ಲಿ ಎದ್ದು ನಿಂತು, ಪ್ರಾಣಿಗಳಿಗೆ ತಾಲ್ಲೂಕಿಗೊಂದು ಸ್ಕ್ಯಾನ್ ಮಿಷನ್ ಬೇಕು ಎಂದಳು. ಸದಸ್ಯ ಕೋನಪ್ಪ ನಕ್ಕ. "ಜನಕ್ಕೇ ಇಲ್ಲ, ನಾಯಿಗಾ ಅಕ್ಕಯಮ್ಮ?"

"ಜನಕ್ಕೂ ಕೇಳ್ರಪ್ಪ ಮತ್ತೆ! ಬೇಡ ಅಂದೋರು ಯಾರು?"

ಮಾತು ಚರಂಡಿಯ ವಿಷಯಕ್ಕೆ ಹೊರಳಿತು. ಅವಳು ಮಾತ್ರ ಕೂರಲಿಲ್ಲ.