ಚಾವಡಿ ಕಟ್ಟೆಗೆ ಬಂದ ಒಂಬತ್ತು ಮಂದಿ

ನನ್ನ ಮಂಡಿ ಹಿಡಿದುಕೊಂಡು ನಾಲ್ಕು ದಿನವಾಯಿತು. ಗುಳಿಗೆ, ಮುಲಾಮು ಎಲ್ಲ ಮುಗಿದ ಮೇಲೆ ಸೊಸೆ ಇವತ್ತು ಎಕ್ಕದ ಎಲೆಗೆ ಔಡಲೆಣ್ಣೆ ಸವರಿ, ಹಂಚಿನ ಮೇಲೆ ಬಾಡಿಸಿ ತಂದು ಕಟ್ಟಿದಳು. ಆ ಹಸಿ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಮಂಡಿನೋವು ಮರೆತೇಹೋಯಿತು. ಕೆಲವು ವಾಸನೆಗಳು ಹಾಗೆ, ಕೈ ಹಿಡಿದರೆ ಬಿಡುವುದಿಲ್ಲ, ನಿಮಗೂ ಗೊತ್ತಿರಬೇಕು. ಇದು ನನ್ನನ್ನು ಅರವತ್ತರ ದಶಕದ ಒಂದು ಬೇಸಿಗೆಗೆ, ಟಿಕೋಟಾದ ಆಚೆಗಿನ ಒಂದು ಊರಿಗೆ ಎಳೆದುಕೊಂಡು ಹೋಯಿತು. ಊರಿನ ಹೆಸರು ಹೇಳುವುದಿಲ್ಲ. ನಾಚಿಕೆ ನನ್ನದು, ಊರಿನದಲ್ಲ.

ಆಗ ನಮ್ಮ ಕಡೆ ನಾರುಹುಣ್ಣು ಅಂದರೆ ಎಲ್ಲರಿಗೂ ಗೊತ್ತು. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಬಿಳಿ ದಾರದಂಥ ಹುಳು ಹೊರಗೆ ಇಣುಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ನಡುವೆ ಹರಿದರೆ ಮುಗಿಯಿತು, ಕಾಲು ಬಾತು ಗಡಿಗೆಯಾಗುತ್ತಿತ್ತು. ಅದೇ ಕಾಲಿನಲ್ಲಿ ಮೆಟ್ಟಿಲ ಬಾವಿಗೆ ಇಳಿದು ಕೊಡ ತುಂಬಿದರೆ ಹುಳುವಿನ ಸಂತಾನವೆಲ್ಲ ನೀರಿಗೆ. ಆ ನೀರು ಕುಡಿದವರಿಗೆ ಮುಂದಿನ ಬೇಸಿಗೆಯಲ್ಲಿ ನಾರು. ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ರಾಟೆ ಹಾಕಿದರೆ ರೋಗ ನಿಲ್ಲುತ್ತಿತ್ತು. ಆದರೆ ಎಲ್ಲ ಬಾವಿಗಳಿಗೂ ಒಂದೇ ವರ್ಷ ರಾಟೆ ಬರುವಂತಿರಲಿಲ್ಲ. ಯಾವ ಊರಲ್ಲಿ ನಾರು ಹೆಚ್ಚೋ ಆ ಊರಿಗೆ ಮೊದಲು. ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಎಣಿಸುವ ಕೆಲಸ ಆರೋಗ್ಯ ಖಾತೆಗೆ ಹೊಸದಾಗಿ ಸೇರಿದ ನನ್ನಂಥವರದು.

ನಾನು ಅಂದರೆ ಇಟ್ಟಂಗಿಹಾಳದವನು, ಮ್ಯಾಟ್ರಿಕ್ ಪಾಸು, ಹೊಸ ಸೈಕಲ್ಲು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ನಮಗೆ ಎಣಿಕೆ ಕಲಿಸಿದವರು ವಿಜಾಪುರದ ಒಬ್ಬ ವಯಸ್ಸಾದ ಡಾಕ್ಟರು. ಅವರು ಬಬಲೇಶ್ವರದ ಸಂತೆಯನ್ನೇ ಪಾಠ ಮಾಡಿಕೊಂಡಿದ್ದರು.

"ಸಂತ್ಯಾಗ ಈಗ ನಿಂತ ಮಂದಿ ಎಷ್ಟು, ಮುಂಜಾನಿಂದ ಬಂದು ಹೋದ ಮಂದಿ ಎಷ್ಟು, ಎರಡೂ ಬ್ಯಾರೆ ಬ್ಯಾರೆ ಲೆಕ್ಕ. ನೀವು ಈಗ ನಿಂತವರನ್ನಷ್ಟ ಎಣಸ್ರಿ. ಭಾಗಾಕಾರದ ಗೆರಿ ಎಳೀರಿ. ಗೆರಿ ಮ್ಯಾಲ ನಾರು ಇದ್ದವರು. ಗೆರಿ ಕೆಳಗ ನೀವು ಕಣ್ಣಲೆ ನೋಡಿದವರೆಲ್ಲಾ. ನೋಡದವರನ್ನ ಮ್ಯಾಲೂ ಹಾಕಬ್ಯಾಡ್ರಿ, ಕೆಳಗೂ ತುರುಕಬ್ಯಾಡ್ರಿ. ಮನಿ ಮನಿ ಹೊಕ್ಕು ನೋಡ್ರಿ."

ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದವನು ನಾನೇ.

ಆ ಊರು ಮುಟ್ಟಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಚಾವಡಿ ಮುಂದೆ ಬೇವಿನ ನೆರಳಲ್ಲಿ ಕಂಬಳಿ ಹಾಸಿದರು, ಚುರುಮುರಿ ಕೊಟ್ಟರು, ಚಹಾ ಬಂತು. ಊರ ಗೌಡರು, "ಈ ಬಿಸಲಾಗ ಎಲ್ಲಿ ಅಡ್ಡಾಡ್ತೀರಿ ಸಾಹೇಬ್ರ? ಡಂಗುರ ಹೊಡಸ್ತೇವಿ. ನಾರು ಇದ್ದವರು ಇಲ್ಲೇ ಬರ್ತಾರ" ಅಂದರು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಸಾಹೇಬ ಅಂದಿರಲಿಲ್ಲ. ನಾನು ಬೆಣ್ಣೆಯಂತೆ ಕರಗಿಹೋದೆ. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ: ಆ ಹುಳು ನೋಡಿದರೆ ನನಗೆ ವಾಕರಿಕೆ ಬರುತ್ತಿತ್ತು. ಮನೆ ಮನೆ ಹೊಗುವುದು ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.

ಒಂಬತ್ತು ಜನ ಬಂದರು. ಕೋಲು ಊರಿಕೊಂಡು, ಹೆಗಲು ಹಿಡಿದುಕೊಂಡು ಬಂದರು. ಒಂಬತ್ತೂ ಗಂಡಸರು. ನಮ್ಮ ಕಡೆ ಹೆಣ್ಣುಮಕ್ಕಳು ಚಾವಡಿ ಮುಂದೆ ಹಾಯುತ್ತಿರಲಿಲ್ಲ. ಹಾಯಲೇಬೇಕಾದರೆ ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ಎಳೆದುಕೊಂಡು ಹಿಂದಿನ ಸಂದಿಯಿಂದ ಹೋಗುತ್ತಿದ್ದರು. ನನ್ನ ತಾಯಿಯೂ ಜೀವಮಾನವೆಲ್ಲ ಹಾಗೇ ನಡೆದವಳು. ಚಾವಡಿ ಕಟ್ಟೆಗೆ ಕರೆದರೆ ಹೆಂಗಸರು ಬರುವುದಿಲ್ಲ ಎಂದು ಬೆಂಗಳೂರಿನಿಂದ ಬಂದವನಿಗೆ ತಿಳಿಯದಿದ್ದರೆ ಕ್ಷಮಿಸಬಹುದು. ನನಗೆ ತಿಳಿದಿತ್ತು. ಕಾಲು ಊರಲಾಗದವರು ಹೇಗೆ ಬಂದಾರು ಎಂಬುದಕ್ಕಂತೂ ಮ್ಯಾಟ್ರಿಕ್ಕೂ ಬೇಕಿರಲಿಲ್ಲ.

ಕಾಗದ ಮಡಚುವ ಹೊತ್ತಿಗೆ ಬೇವಿನ ಮರದ ಹಿಂದೆ ಒಬ್ಬ ಹೆಂಗಸು ಬಂದು ನಿಂತಳು. ಮುಖ ಕಾಣದಷ್ಟು ಸೆರಗು.

"ಯಪ್ಪಾ, ನನ್ನ ಮಗಳು ಮಲಗ್ಯಾಳ್ರಿ. ಮಣಕಾಲಾಗ ನಾರು ಎದ್ದೈತಿ. ಒಂದೀಟ ಮನಿತನಕ ಬರ್ರಿ. ನಮ್ಮ ಓಣ್ಯಾಗ ಮನಿಗೊಬ್ಬರು ಮಲಗ್ಯಾರ."

"ಇಲ್ಲೇ ಕರಕೊಂಡ ಬಾರವಾ."

"ಹೆಂಗ ಬರ್ತಾಳ್ರಿ? ಹೆಸರು ಹೇಳ್ತೇನಿ, ಬರಕೊಳ್ರಿ."

"ಕಣ್ಣಲೆ ನೋಡದ ಬರಿಯಾಂಗಿಲ್ಲ. ಹಂಗ ಕಾಯ್ದೆ ಐತಿ. ಇನ್ನೊಮ್ಮಿ ಬಂದಾಗ ನೋಡ್ತೇನಿ" ಅಂದು ಸೈಕಲ್ಲು ಹತ್ತಿದೆ.

ಗೆರೆಯ ಮೇಲೆ ಒಂಬತ್ತು ಬರೆದೆ. ಗೆರೆಯ ಕೆಳಗೆ? ತಲಾಠಿಯ, ಅಂದರೆ ಊರ ಲೆಕ್ಕಿಗನ, ದಫ್ತರಿನಲ್ಲಿದ್ದ ಇಡೀ ಊರಿನ ಜನಸಂಖ್ಯೆ. ನೋಡದೆ ಬರೆಯುವಂತಿಲ್ಲ ಎಂದು ಆ ತಾಯಿಗೆ ಕಾಯಿದೆ ಹೇಳಿದವನು ನಾನು. ಒಬ್ಬರ ಮುಖವನ್ನೂ ನೋಡದೆ ಊರಿಗೆ ಊರನ್ನೇ ಗೆರೆಯ ಕೆಳಗೆ ನಿಲ್ಲಿಸಿದವನೂ ನಾನೇ. ಭಾಗಿಸಿದಾಗ ಬಂದದ್ದು ಏನೇನೂ ಅಲ್ಲದ ಒಂದು ಅಂಕಿ. ಡಾಕ್ಟರು ನನ್ನ ಅಕ್ಷರ ದುಂಡಗಿದೆ ಎಂದು ಹೊಗಳಿದರು. ಜೈನಾಪುರದ ಕಡೆ ಹೋಗಿದ್ದ ನನ್ನ ಜೊತೆಗಾರ ಒಂದು ಮನೆಯನ್ನೂ ಬಿಡದೆ ಹೊಕ್ಕು ನೋಡಿದ್ದ. ಅವನ ಪಟ್ಟಿಯ ಊರುಗಳ ಬಾವಿಗಳಿಗೆ ಆ ವರ್ಷವೇ ರಾಟೆ ಬಂತು. ನನ್ನ ಊರು ಪಟ್ಟಿಯ ತಳದಲ್ಲಿ ಉಳಿಯಿತು.

ಮರುವರ್ಷ ಮತ್ತೆ ಅದೇ ಊರಿಗೆ ಕಳಿಸಿದರು. ಈ ಸಲ ಡಾಕ್ಟರು ಹಿಂದೆಯೇ ಬಂದು ತಪಾಸಣೆ ಮಾಡುವವರಿದ್ದರು, ಅದಕ್ಕೇ ಮನೆ ಮನೆ ಹೊಕ್ಕೆ. ಒಳ್ಳೆಯ ಬುದ್ಧಿ ಬಂದಿತ್ತೆಂದು ತಿಳಿಯಬೇಡಿ. ಒಂದು ಓಣಿಯಲ್ಲಿ ಎಲ್ಲ ಮನೆಯಿಂದಲೂ, ನಾರಿನ ಬಾವಿಗೆ ಕಟ್ಟಲು ಎಕ್ಕದ ಎಲೆ ಬಾಡಿಸಿದ ವಾಸನೆ. ಮೂರನೆಯ ಮನೆಯಲ್ಲಿ ಅದೇ ದನಿ, "ಬಂದ್ರೇನ್ರಿ?" ಅಂದಿತು. ಒಳಗೆ ಹದಿನೇಳರ ಹುಡುಗಿ ಗೋಡೆ ಹಿಡಿದು ಎದ್ದಳು. ಬಲಗಾಲು ಮಂಡಿಯಲ್ಲಿ ಮಡಚಿಕೊಂಡಂತೆಯೇ ಸೆಟೆದಿತ್ತು, ನೆಲ ಮುಟ್ಟುತ್ತಿರಲಿಲ್ಲ. ಗಾಯ ಒಣಗಿತ್ತು.

"ಈಗರ ಬರಕೊಳ್ರಿ" ಅಂದಳು ತಾಯಿ.

"ಈಗ ನಾರು ಐತೇನವಾ?"

"ಹೋದ ವರ್ಷ ಒಳಗ ಹರೀತು. ನಾರು ಹೋತು, ಕಾಲೂ ಹೋತು."

ನನ್ನ ಕಾಗದದಲ್ಲಿ ಈಗ ನಾರು ಇದ್ದವರಿಗಷ್ಟೇ ಜಾಗ. ಹುಡುಗಿ ಸಂತೆ ಮುಗಿಸಿ ಹೋದವರ ಲೆಕ್ಕಕ್ಕೆ ಸೇರಿದ್ದಳು. ತಡವರಿಸಿ ಇಷ್ಟನ್ನು ಹೇಳಿದೆ. ತಾಯಿ ಬೈಯಲಿಲ್ಲ, ಅಳಲಿಲ್ಲ.

"ಹೋದ ವರ್ಷ ನೋಡಲಿಲ್ಲಂತ ಬರೀಲಿಲ್ಲ. ಈ ವರ್ಷ ನಾರಿಲ್ಲಂತ ಬರಿಯಾಂಗಿಲ್ಲ. ಹಂಗಾರ ನನ್ನ ಮಗಳಿಗೆ ಬ್ಯಾನಿ ಬಂದೇ ಇಲ್ಲೇನ್ರಿ?"

ನಾನು ತಲೆ ತಗ್ಗಿಸಿ ಪಕ್ಕದ ಮನೆಗೆ ಹೋದೆ. ಡಾಕ್ಟರಿಗೆ ಹಿಂದಿನ ವರ್ಷದ ವಿಷಯ ಬಾಯಿ ಬಿಡಲಿಲ್ಲ. ಆ ಸಲ ಎಣಿಕೆ ಸರಿಯಾಗಿತ್ತು, ರಾಟೆ ಬಂತು, ಮುಂದೆ ನಾರು ನಮ್ಮ ಸೀಮೆಯಿಂದಲೇ ಹೋಯಿತು. ನಿವೃತ್ತಿಯ ದಿನ, ನಾರು ಓಡಿಸಿದವರು ಎಂದು ನನಗೆ ಶಾಲು ಹೊದಿಸಿದರು. ನಾನೂ ಹೊದಿಸಿಕೊಂಡೆ.

ಇವತ್ತು ಮಂಡಿಗೆ ಬಟ್ಟೆ ಸುತ್ತುತ್ತ ಕೂತಿದ್ದ ಸೊಸೆಗೆ ಇದನ್ನೆಲ್ಲ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿದ್ದಿಲ್ಲ. ಅವಳು ಗಂಟು ಹಾಕುವುದನ್ನು ನಿಲ್ಲಿಸಿ ಕೇಳಿದಳು: "ಆ ಹುಡುಗಿ ಹೆಸರೇನ್ರಿ ಮಾವಾರ?"

ನನಗೆ ಗೊತ್ತಿಲ್ಲ. ಆ ತಾಯಿ ಹೇಳುತ್ತೇನೆ ಅಂದಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ.